ಆಲಿವ್ ಎಲೆ ಮತ್ತು ಎಡಗಡೆಯ ಕೋಳಿಗಳು

ಹದಿನೇಳು ವರ್ಷ ನನ್ನ ಕೆಲಸದ ದಿನ ಸತ್ತ ಕೋಳಿಗಳನ್ನು ಎಣಿಸುವುದರಿಂದ ಶುರುವಾಗುತ್ತಿತ್ತು. ಬೆಳಿಗ್ಗೆ ಏಳೂವರೆಗೆ ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಕಳಚಿ, ರಬ್ಬರ್ ಬೂಟು ಏರಿಸಿ, ಔಷಧಿ ನೀರಿನ ತಟ್ಟೆಯಲ್ಲಿ ಕಾಲು ಅದ್ದಿ ಒಳಗೆ ಹೋದರೆ ಮೊದಲ ಮಾತು, "ಎಷ್ಟು ಹ್ವಾದವು?" ಎಂಬುದು. ಲೆಕ್ಕವನ್ನು ರಿಜಿಸ್ಟರಿನಲ್ಲಿ ಬರೆದ ಮೇಲೆಯೇ ಚಹಾ. ಮನುಷ್ಯರ ಆಸ್ಪತ್ರೆಯಲ್ಲಿ ಬೆಳಿಗ್ಗೆ ಎದ್ದು ಹೀಗೆ ಕೇಳುತ್ತ ಬಂದರೆ ಜನ ಹೊಡೆಯುತ್ತಾರೆ. ಕೋಳಿಗಳ ಲೋಕದಲ್ಲಿ ಅದಕ್ಕೆ ವಿಜ್ಞಾನ ಎಂದು ಹೆಸರು.

ಈಗ ಕೋಳಿ ಆಹಾರದ ಕಂಪನಿಗಳಲ್ಲಿ ಪ್ರಯೋಗದ ಕೆಲಸಕ್ಕೆ ಸೇರುವ ಹೊಸಬರಿಗೆ ಕಾಲೇಜಿನಲ್ಲಿ ತೂಕ, ಮೇವು, ನೀರು, ಉಷ್ಣಾಂಶ ಎಲ್ಲವನ್ನೂ ಅಳೆಯುವುದು ಕಲಿಸಿಯೇ ಕಳುಹಿಸುತ್ತಾರೆ. ಕಲಿಸದೇ ಉಳಿದದ್ದು ಒಂದೇ: ಶೆಡ್ಡಿನೊಳಗೆ ಕೋಳಿಗಳ ಜೊತೆ ಮನುಷ್ಯರೂ ಇರುತ್ತಾರೆ. ಅದನ್ನು ಹೇಳಲು ಆಲಿವ್ ಎಲೆಯ ಪ್ರಯೋಗಕ್ಕಿಂತ ಒಳ್ಳೆಯ ಸಂಗತಿ ನನ್ನ ಬಳಿ ಇಲ್ಲ. ನನ್ನ ಬಡ್ತಿ, ಸಂಬಳದ ಸುದ್ದಿ ಯಾರಿಗೂ ಬೇಕಿಲ್ಲ. ಅವು ಅಂಥ ಹೇಳಿಕೊಳ್ಳುವ ಹಾಗೆಯೂ ಇರಲಿಲ್ಲ.

ಮದುವೆಯಾಗಿ ವಿಜಾಪುರದಿಂದ ಪುಣೆಗೆ ಬಂದವಳು ನಾನು. ಗಂಡ ಭೋಸರಿಯ ಕಾರ್ಖಾನೆಯಲ್ಲಿ, ಮನೆ ಹಡಪಸರದಲ್ಲಿ. ತೊಂಬತ್ತರ ದಶಕದ ಮೊದಲಿಗೆ ಒಂದು ಕಂಪನಿಯಲ್ಲಿ ರಿಜಿಸ್ಟರು ಬರೆಯುವ ಕೆಲಸ ಸಿಕ್ಕಿತು. ಕೋಳಿ ಮೇವಿಗೆ ಬೆರೆಸುವ ಜೀವಸತ್ವ, ಲವಣದ ಪುಡಿಗಳನ್ನು ಮಾರುವ ಕಂಪನಿ ಅದು. ಮಾರುವ ಮೊದಲು ತನ್ನ ಕೋಳಿಗಳಿಗೇ ತಿನ್ನಿಸಿ ನೋಡಲು ಸೋಲಾಪುರ ರಸ್ತೆಯಾಚೆ ಕಬ್ಬಿನ ಹೊಲಗಳ ನಡುವೆ ಒಂದು ಉದ್ದನೆಯ ಶೆಡ್ಡು ಕಟ್ಟಿತ್ತು. ನಮ್ಮದು ಮಠಪತಿಗಳ ಮನೆತನ. ಮೊಟ್ಟೆಯನ್ನೂ ಮುಟ್ಟದವರು. ಅತ್ತೆ ನೆರೆಯವರಿಗೆ, "ನಮ್ಮ ಸೊಸಿ ಔಷಧಿ ಕಂಪನ್ಯಾಗ ಅದಾಳ," ಎಂದು ಹೇಳಿ ಮಾತು ಮುಗಿಸುತ್ತಿದ್ದರು. ಸಂಜೆ ನಾನು ಸ್ನಾನ ಮಾಡದೆ ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ. ಔಷಧಿ ಕಂಪನಿಯಿಂದ ಬಂದವಳ ಸೀರೆಗೆ ಪುಕ್ಕ ಯಾಕೆ ಅಂಟಿರುತ್ತದೆ ಎಂದು ನೆರೆಯವರು ಕೇಳಲಿಲ್ಲ. ಪುಣೆಯ ಜನ ಮರ್ಯಾದಸ್ಥರು.

ಶೆಡ್ಡಿನ ಯಜಮಾನರು ಪಶುವೈದ್ಯ ಡಾ. ಲಿಮಯೆ. ಮೂಗಿನಿಂದಲೇ ಕೋಳಿ ನೋಡುವ ಮನುಷ್ಯ. ಬಾಗಿಲಲ್ಲಿ ನಿಂತು ಒಮ್ಮೆ ಉಸಿರೆಳೆದುಕೊಂಡರೆ ನೆಲಕ್ಕೆ ಹಾಸಿದ ಹೊಟ್ಟು ಯಾವ ಮೂಲೆಯಲ್ಲಿ ಒದ್ದೆಯಾಗಿದೆ ಎಂದು ಹೇಳುತ್ತಿದ್ದರು. ಸತ್ತ ಕೋಳಿಯನ್ನು ಬಿಚ್ಚಿ ನೋಡುವಾಗ ಅವರ ಕೈ ಹೂ ಕಟ್ಟುವವರ ಕೈಯಂತೆ ಓಡುತ್ತಿತ್ತು. ಆದರೆ ರಿಜಿಸ್ಟರು ಓದುವುದೆಂದರೆ ಆಗದು. ಶನಿವಾರ ಮಧ್ಯಾಹ್ನ ಚಹಾಕ್ಕೆ ಖಾರಿ ಬಿಸ್ಕತ್ತು ಅದ್ದಿಕೊಳ್ಳುತ್ತ, ವಾರದ ಅಷ್ಟೂ ಪುಟಗಳಿಗೆ ಒಂದೇ ಉಸಿರಿನಲ್ಲಿ ಸಹಿ ಹಾಕುತ್ತಿದ್ದರು. ಕೆಲವು ಪುಟಗಳಲ್ಲಿ ಸಹಿಯ ಪಕ್ಕ ಖಾರಿಯ ಚೂರೂ ಅಂಟಿಕೊಂಡಿದೆ.

ಅವರ ಕಾನೂನು ಒಂದೇ. ಪ್ರಯೋಗ ಕೆಡಿಸಿದವರು ಅದೇ ದಿನ ಹೊರಗೆ. ನಾನು ಸೇರಿದ ಎರಡನೇ ವರ್ಷ ಒಬ್ಬ ಕೆಲಸಗಾರ ಜೀವಸತ್ವದ ನೀರನ್ನು ಒಂದು ಕೋಣೆಗೆ ಹಾಕುವ ಬದಲು ಪಕ್ಕದ ಕೋಣೆಗೆ ಹಾಕಿದ. ಮಧ್ಯಾಹ್ನದೊಳಗೆ ಅವನ ಟ್ರಂಕು, ಹಾಸಿಗೆ, ಸ್ಟೋವು ಎಲ್ಲ ಟೆಂಪೊ ಏರಿದವು. ಅವನನ್ನು ತೆಗೆದುಹಾಕುವ ಚೀಟಿಯನ್ನು ಬರೆದದ್ದು ನಾನೇ, ನನ್ನ ದುಂಡನೆಯ ಅಕ್ಷರದಲ್ಲಿ. ಅಕ್ಷರ ಚೆನ್ನಾಗಿದೆ ಎಂದು ಲಿಮಯೆ ಹೊಗಳಿದರು.

ನೀಲವ್ವ ಮತ್ತು ಅವಳ ಗಂಡ ಹಣಮಂತ ಬಂದದ್ದು ಬಹಳ ಆಮೇಲೆ, ಮಗರಪಟ್ಟಾದ ಕಟ್ಟಡಗಳು ಏಳುತ್ತಿದ್ದ ಕಾಲಕ್ಕೆ. ಅಫಜಲಪುರದ ಕಡೆಯವರು. ಇಬ್ಬರೂ ಆ ಕಟ್ಟಡಗಳಲ್ಲೇ ಗೋಡೆಗೆ ಗಾರೆ ಮೆತ್ತುವ ಗಿಲಾಯಿ ಕೆಲಸ ಮಾಡುತ್ತಿದ್ದರು. ಹಣಮಂತ ಕಟ್ಟಿಗೆಯ ಅಟ್ಟಣಿಗೆಯಿಂದ ಬಿದ್ದು ಪಾದ ಮುರಿದುಕೊಂಡ. ಪಾದ ಕೂಡಿತು, ಆದರೆ ನೆಟ್ಟಗೆ ಕೂಡಲಿಲ್ಲ. ಏಣಿ ಏರಲಾಗದವನಿಗೆ ಕಟ್ಟಡದ ಕೆಲಸ ಯಾರು ಕೊಡುತ್ತಾರೆ? ನಮ್ಮಲ್ಲಿ ಕೆಲಸದ ಜೊತೆ ಶೆಡ್ಡಿಗೆ ಅಂಟಿದ ಒಂದು ಕೋಣೆಯೂ ಇತ್ತು. ಅದು ಅವರ ಮನೆಯಾಯಿತು. ಕೆಲಸ ಹೋದರೆ ಸೂರೂ ಹೋಗುತ್ತದೆ ಎಂಬುದನ್ನು ಮರೆಯಬಾರದೆಂದೋ ಏನೋ, ಹಣಮಂತ ಟ್ರಂಕನ್ನು ಮಂಚದ ಕೆಳಗೆ ತಳ್ಳಲೇ ಇಲ್ಲ. ಬಾಗಿಲ ಪಕ್ಕದಲ್ಲೇ ಇಟ್ಟಿದ್ದ.

ಒಂಬತ್ತು ವರ್ಷ ಕೋಳಿಗಳ ನಡುವೆ ಇದ್ದೂ ನನಗೆ ಬಾರದಿದ್ದ ಒಂದು ವಿದ್ಯೆಯನ್ನು ನೀಲವ್ವ ಒಂದು ಸಂಜೆಯಲ್ಲಿ ಕಲಿಸಿದಳು. ಅವಳು ತಂತಿ ಜಾಳಿಗೆ ಕೈಯಿಟ್ಟು ಸುಮ್ಮನೆ ನಿಂತಿದ್ದಳು. ನಾನು ಪಕ್ಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದೆ.

"ಅಕ್ಕಾರ, ಆ ಬರಿಯೂದು ಒಂಚೂರು ನಿಲ್ಲಸ್ರಿ," ಎಂದಳು. "ನಿಮ್ಮ ಪೆನ್ನಿನ ಸಪ್ಪಳದಾಗ ಕೋಳಿ ಸೀನೂದು ಕೇಳಸವಲ್ದು."

ನಿಲ್ಲಿಸಿದೆ. ಮೂಲೆಯಲ್ಲಿ ಒಂದು ಸೀನು, ಆಮೇಲೆ ಇನ್ನೊಂದು. ಮೂರನೇ ದಿನಕ್ಕೆ ಆ ಮೂಲೆಯಲ್ಲೇ ಶೀತ ಕಾಣಿಸಿತು. ಅಂದಿನಿಂದ ರಿಜಿಸ್ಟರಿನಲ್ಲಿ "ಸಂಜೆಯ ಸೀನು" ಎಂಬ ಹೊಸ ಅಂಕಣ ಎಳೆದೆ. ಲಿಮಯೆ ಅದಕ್ಕೂ ಓದದೆ ಸಹಿ ಹಾಕಿದರು.

ಆ ವರ್ಷಗಳಲ್ಲಿ ಗಿಡಮೂಲಿಕೆಗಳ ಕಾಲ ಬಂತು. ಕೋಳಿ ಬೇಗ ಬೆಳೆಯಲೆಂದು ಮೇವಿನಲ್ಲಿ ಚಿಟಿಕೆಯಷ್ಟು ಆಂಟಿಬಯೋಟಿಕ್ ಬೆರೆಸುವುದನ್ನು ಹೊರದೇಶದವರು ನಿಲ್ಲಿಸುತ್ತಿದ್ದರು. ಅದರ ಬದಲಿಗೆ ಏನು ಎಂದು ಕಂಪನಿಗಳೆಲ್ಲ ಸೊಪ್ಪು, ಬೇರು, ತೊಗಟೆ ಹುಡುಕುತ್ತಿದ್ದವು. ನಾವು ಬೆಳ್ಳುಳ್ಳಿ ಹಾಕಿ ನೋಡಿದೆವು. ಅಷ್ಟೂ ದಿನ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಾಗಿಯೇ ಉಳಿಯಿತು. ಅರಿಶಿನ ಹಾಕಿದೆವು. ಕೋಳಿಗಳಿಗೆ ಏನಾಯಿತೋ, ಹಣಮಂತನ ಅಂಗಿ ಮಾತ್ರ ಮದುಮಗನದಾಯಿತು. ಆಮೇಲೆ ಒಂದು ಬೇಸಿಗೆ, ಸಮುದ್ರದಾಚೆಯಿಂದ ಕಾಗದದ ಚೀಲಗಳಲ್ಲಿ ಆಲಿವ್ ಎಲೆಯ ಪುಡಿ ಬಂತು.

ಲಿಮಯೆ ನಮ್ಮನ್ನೆಲ್ಲ ನಿಲ್ಲಿಸಿ ಮರಾಠಿಯಲ್ಲಿ ಉಪನ್ಯಾಸ ಕೊಟ್ಟರು. ಆ ದೇಶಗಳಲ್ಲಿ ಕಾಯಿಯಿಂದ ಎಣ್ಣೆ ತೆಗೆಯುತ್ತಾರೆ, ಗಿಡ ಸವರಿದಾಗ ಎಲೆ ರಾಶಿ ಬೀಳುತ್ತದೆ. ಆ ಎಲೆಯಲ್ಲಿ ಒಂದು ಕಹಿ ಸತ್ವವಿದೆ. ಅದು ಕೋಳಿಯ ಕರುಳಿನ ಕೆಟ್ಟ ಕ್ರಿಮಿಗಳನ್ನು ಅಡಗಿಸುತ್ತದೆ, ಬಿಸಿಲಿನ ಬೇಗೆಯಲ್ಲಿ ಮೈಯೊಳಗೆ ಆಗುವ ಹಾನಿಯನ್ನು ತಗ್ಗಿಸುತ್ತದೆ, ಮಾಂಸ ಬೇಗ ಕಮಟಾಗದಂತೆ ನೋಡಿಕೊಳ್ಳುತ್ತದೆ. ಆಲಿವ್ ಎಂಬ ಹೆಸರನ್ನು ಅವರು ತಮ್ಮ ಸೋದರಮಾವನ ಹೆಸರಿನಂತೆ ಗೌರವದಿಂದ ಹೇಳುತ್ತಿದ್ದರು.

ನೀಲವ್ವ ಚಿಟಿಕೆ ಪುಡಿಯನ್ನು ನಾಲಿಗೆಯ ಮೇಲಿಟ್ಟುಕೊಂಡು ಮುಖ ಕಿವುಚಿದಳು. "ಬೇವಿನಕಿಂತ ಕಹಿ ಅದ ರೀ ಇದು. ನಮ್ಮ ಬೇವಿಗೇನು ರೋಗ ಬಂದಿತ್ತು?"

"ಕಾಯ್ ಮ್ಹಣತೇ?" ಏನನ್ನುತ್ತಾಳೆ ಎಂದು ಲಿಮಯೆ ನನ್ನನ್ನು ಕೇಳಿದರು.

"ಎಲೆ ಭಾರಿ ಚಲೋ ಅದ ಅಂತಾಳ್ರಿ," ಎಂದು ಮರಾಠಿಯಲ್ಲಿ ಹೇಳಿದೆ. ಹದಿನೇಳು ವರ್ಷದಲ್ಲಿ ನಾನು ಮಾಡಿದ ಅನುವಾದಗಳೆಲ್ಲ ಹೆಚ್ಚುಕಡಿಮೆ ಇದೇ ಬಗೆಯವು. ಶೆಡ್ಡಿನಲ್ಲಿ ಆ ಪುಡಿಗೆ ಪರದೇಶಿ ಬೇವು ಎಂಬ ಹೆಸರು ನಿಂತಿತು.

ಪ್ರಯೋಗ ಸರಳವಾಗಿತ್ತು. ಒಂದೇ ದಿನ ಹುಟ್ಟಿದ ಮರಿಗಳನ್ನು ತಂದು, ಉದ್ದನೆಯ ಶೆಡ್ಡನ್ನು ತಂತಿ ಜಾಳಿಯಿಂದ ಎರಡು ಮಾಡಿ, ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಬಿಡುವುದು. ಮೇವು, ನೀರು, ಲಸಿಕೆ ಎರಡೂ ಕಡೆ ಒಂದೇ. ಬಲಗಡೆಯ ಮೇವಿಗೆ ಮಾತ್ರ ದಿನಕ್ಕೊಂದು ಡಬ್ಬಿ ಎಲೆಪುಡಿ. ಎಡಗಡೆಗೆ ಇಲ್ಲ. ಎಡ ಗೋಡೆಗೆ ನಾಲ್ಕು ದೊಡ್ಡ ಫ್ಯಾನುಗಳಿದ್ದವು. ಅವು ಎಡದಿಂದ ಬಲಕ್ಕೆ ಗಾಳಿ ತಳ್ಳುತ್ತಿದ್ದವು. ಪುಡಿ ಅಳೆದು ಬೆರೆಸುವ ಕೆಲಸ ನೀಲವ್ವನದು, ಬರೆಯುವ ಕೆಲಸ ನನ್ನದು. ವರದಿಯ ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಲಿಮಯೆ ಆಗಲೇ ಟೈಪು ಮಾಡಿಸಿಟ್ಟಿದ್ದರು. ಕೊನೆಯ ಪುಟದಲ್ಲಿ ಆಲಿವ್ ಎಲೆ ಬಹಳ ಗುಣಕಾರಿ ಎಂದಿತ್ತು. ನಡುವಿನ ಅಂಕಿಗಳನ್ನು ತುಂಬುವಷ್ಟು ಸಣ್ಣ ಕೆಲಸ ಕೋಳಿಗಳಿಗೆ ಉಳಿದಿತ್ತು.

ನಾಲ್ಕನೇ ವಾರ ಬುಟ್ಟಿಯಲ್ಲಿ ಕೋಳಿಗಳನ್ನಿಟ್ಟು ತೂಗಿದೆವು. ಎಡಕ್ಕೂ ಬಲಕ್ಕೂ ವ್ಯತ್ಯಾಸ ಇಲ್ಲ. ಐದನೇ ವಾರ ಬಿಸಿಲು ಏರಿತು. ಛಾವಣಿಯ ಮೇಲೆ ಒದ್ದೆ ಗೋಣಿ ಹಾಸಿ, ಹಣಮಂತ ಕುಂಟುತ್ತ ಪೈಪಿನಿಂದ ನೀರು ಹೊಡೆಯುತ್ತಿದ್ದ. ಇಂಥ ದಿನಗಳಲ್ಲಿ ಹಿಂದಿನ ವರ್ಷಗಳಲ್ಲಿ ಬುಟ್ಟಿಗಟ್ಟಲೆ ಕೋಳಿಗಳನ್ನು ಹೊರಗೆ ಹೊತ್ತು ಹಾಕಿದ್ದೆವು. ಈ ಸಲ ಎರಡೂ ಕಡೆ ತಡೆದುಕೊಂಡವು. ನೆಲದ ಹೊಟ್ಟೂ ಒಣಗಿಯೇ ಇತ್ತು, ಕಣ್ಣು ಉರಿಯುತ್ತಿರಲಿಲ್ಲ. ಆದರೆ ಲಿಮಯೆಯವರಿಗೆ ಬದುಕಿದ ಕೋಳಿ ಬೇಕಿರಲಿಲ್ಲ, ವ್ಯತ್ಯಾಸ ಬೇಕಿತ್ತು.

"ಫರಕ್ ಕುಠೇ ಆಹೇ, ಬಾಯಿ? ಎಲ್ಲಿ ಫರಕು?" ಎಂದು ತಕ್ಕಡಿಯ ಮುಂದೆ ನಿಂತು ನನ್ನನ್ನು ಕೇಳಿದರು, ಅದನ್ನು ನಾನೇ ಸೆರಗಿನಲ್ಲಿ ಕಟ್ಟಿಕೊಂಡು ಹೋದವಳಂತೆ.

ಆರನೇ ವಾರದ ಕೊನೆಗೂ ಅದೇ. ಕೋಳಿಗಳು ಮಾರಾಟವಾಗಿ ಹೋದವು. ಲಿಮಯೆ ಕೊನೆಯ ಪುಟವನ್ನು ಹರಿದು ಹೊಸದಾಗಿ ಬರೆಸಿದರು. ಆಲಿವ್ ಎಲೆಯಿಂದ ಯಾವ ಪ್ರಯೋಜನವೂ ಕಂಡುಬರಲಿಲ್ಲ. ಸೋಮವಾರ ವರದಿ ಹೋಗಬೇಕು, ಅಷ್ಟರಲ್ಲಿ ರಿಜಿಸ್ಟರಿನ ಶುದ್ಧ ಪ್ರತಿ ಮಾಡಿಡಿ ಎಂದು ನನಗೆ ಹೇಳಿದರು.

ಗುರುವಾರ ಪ್ರತಿ ಮಾಡಲು ಕುಳಿತೆ. ಸ್ವಂತ ಬರಹವನ್ನು ಓದುವ ಅಭ್ಯಾಸ ನನಗೂ ಇರಲಿಲ್ಲ. ಹತ್ತನೇ ದಿನದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿತ್ತು: "ಎಡಗಡೆ ಮೇವಿನ ತಟ್ಟೆಗಳ ತಳದಲ್ಲಿ ಹಸಿರು ಪುಡಿ. ಫ್ಯಾನಿನ ಗಾಳಿಗೆ ಹಾರಿ ಬಂದಿರಬೇಕು." ಮುಂದೆ ತಿರುವಿದೆ. ಇನ್ನೂ ನಾಲ್ಕು ಕಡೆ ಅದೇ ಸಾಲು. ಕೊನೆಯದರಲ್ಲಿ ಬೇಸತ್ತು, "ಹಸಿರು ಪುಡಿ, ಮತ್ತೆ ಗಾಳಿ" ಎಂದು ಮಾತ್ರ ಬರೆದಿದ್ದೆ.

ಫ್ಯಾನುಗಳು ಎಡದಿಂದ ಬಲಕ್ಕೆ ಬೀಸುತ್ತವೆ. ಪುಡಿ ಹಾರಿದರೆ ಬಲಗಡೆಯ ಕಿಟಕಿ ದಾಟಿ ಕಬ್ಬಿನ ಹೊಲಕ್ಕೆ ಬೀಳಬೇಕು. ಗಾಳಿಗೆ ಎದುರಾಗಿ ಎಡಕ್ಕೆ ಬರಲು ಅದಕ್ಕೆ ಕಾಲಿಲ್ಲ. ಹದಿಮೂರು ವರ್ಷ ಆ ಫ್ಯಾನುಗಳ ಧೂಳು ಒರೆಸಿದ ನಾನು ಐದು ಸಲ ಕಣ್ಣಾರೆ ಕಂಡದ್ದನ್ನು ಬರೆದು, ಪಕ್ಕದಲ್ಲೇ ಒಂದು ಕಾರಣವನ್ನು ಹುಟ್ಟಿಸಿ, ಕಂಡದ್ದನ್ನು ಮುಚ್ಚಿಬಿಟ್ಟಿದ್ದೆ. ಹೊಸಬರು ನನ್ನಿಂದ ಒಂದನ್ನಾದರೂ ಕಲಿಯುವುದಿದ್ದರೆ ಇದನ್ನು ಕಲಿಯಿರಿ. ಕಂಡದ್ದನ್ನು ಬರೆಯಿರಿ. ಯಾಕೆ ಎಂಬುದನ್ನು ಆ ಪುಟದಲ್ಲಿ ಬರೆಯಬೇಡಿ.

ಶೆಡ್ಡಿಗೆ ಹೋದೆ. ಮುಂದಿನ ಮರಿಗಳು ಬರುವ ಮೊದಲು ನೀಲವ್ವ ಗೋಡೆಗೆ ಸುಣ್ಣ ಹಚ್ಚುತ್ತಿದ್ದಳು. ಹಣಮಂತ ಹೊಸ್ತಿಲ ಮೇಲೆ ಕುಳಿತು ನೀರಿನ ತಟ್ಟೆಗಳನ್ನು ಉಜ್ಜುತ್ತಿದ್ದ.

"ನೀಲವ್ವಾ, ಎಡಗಡಿ ಕೋಳಿಗೂ ಎಲಿ ಹಾಕಿದ್ದಿ ಏನು?"

ಅವಳ ಕುಂಚ ನಿಲ್ಲಲಿಲ್ಲ. "ಹಾಕೀನ್ರಿ."

"ದಿನಾ?"

"ದಿನಾ. ಮರಿ ಬಂದ ಮೂರನೇ ದಿನದಿಂದ."

"ಹಾಕಬ್ಯಾಡ ಅಂತ ಎಷ್ಟು ಸಲ ಹೇಳೀನವಾ ನಿನಗ."

"ನೀವು ಹೇಳೀರಿ, ನಾ ಕೇಳೀನಿ. ಆದ್ರ ಅಕ್ಕಾರ, ನಡುವ ಇರೂದು ಬರೇ ಜಾಳಿ. ಈ ಕಡಿ ನೀಡಿದ್ರ ಆ ಕಡಿಯವು ಜಾಳಿಗೆ ಕುತಗಿ ಹಚ್ಚಿ ನೋಡ್ತಾವ್ರಿ. ಒಂದ ಪಂಗ್ತಿಯೊಳಗ ಕುಂದ್ರಿಸಿ ಎರಡು ನಮೂನಿ ನೀಡೂದು ನನ್ನ ಕೈಲಿ ಆಗಲಿಲ್ಲ."

"ಅವು ಕೋಳಿ, ನೀಲವ್ವಾ."

"ಹೌದ್ರಿ, ಕೋಳಿನ. ಅವಕ್ಕೇನು ಗೊತ್ತಾಗಂಗಿಲ್ಲ. ನನಗ ಗೊತ್ತಾಗ್ತದಲ್ರಿ."

ಕುಂಚವನ್ನು ಬಕೀಟಿನಲ್ಲಿ ಅದ್ದಿ ಮತ್ತೆ ಗೋಡೆಗೆ ಹಚ್ಚಿದಳು. ಗೋಡೆಯೊಂದಿಗೆ ಮಾತಾಡುವಂತೆ ಹೇಳಿದಳು. "ಸಣ್ಣಾಕಿ ಇದ್ದಾಗ ಗೌಡ್ರ ಮನಿ ಮದುವಿಗೆ ಹೋಗಿದ್ವಿ. ತುಪ್ಪದ ಗಿಂಡಿ ಹಿಡಕೊಂಡು ನೀಡಾಂವ ನನ್ನ ಬಾಜೂಕಿನ ಎಲಿತನಾ ನೀಡಿಕೋತ ಬಂದ. ನನ್ನ ಎಲಿ ಬಂದಾಗ ಗಿಂಡಿ ನೆಟ್ಟಗ ಮಾಡಿಕೊಂಡು ಹ್ವಾದ. ತುಪ್ಪ ತೀರಿರಲಿಲ್ರಿ. ಆಚಿ ಸಾಲಿಗೆ ನೀಡೂದು ನೋಡೀನಿ ನಾನು."

ರಿಜಿಸ್ಟರು ಬರೆಯುವವರಿಗೆ ಇಂಥ ಮಾತಿನ ಎದುರು ಅಳತೆ ಕೇಳುವುದೊಂದೇ ದಾರಿ. "ಎಷ್ಟೆಷ್ಟು ಹಾಕ್ತಿದ್ದಿ?"

"ಡಬ್ಬಿ ಒಂದ ಅದಲ್ರಿ. ಅರ್ಧ ಆ ಕಡಿ, ಅರ್ಧ ಈ ಕಡಿ."

ಅದಕ್ಕೇ ಚೀಲದ ಲೆಕ್ಕ ತಪ್ಪಿರಲಿಲ್ಲ. ಹೊಸ್ತಿಲ ಮೇಲಿದ್ದ ಹಣಮಂತ ತಲೆ ಎತ್ತದೆ ಕೇಳಿದ. "ಅಕ್ಕಾರ, ಟೆಂಪೊದವಗ ಈಗ ಹೇಳಿ ಇಡ್ಲ್ಯಾ, ಇಲ್ಲಾ ಸೋಮಾರ ಹೇಳ್ಲ್ಯಾ?" ನಗಿಸಲೆಂದೇ ಹೇಳಿದ ಮಾತು. ಆದರೆ ಅವನ ಕೈಯಲ್ಲಿದ್ದ ತಟ್ಟೆ ಆಗಲೇ ಬೆಳ್ಳಗಾಗಿದ್ದರೂ ಉಜ್ಜುತ್ತಲೇ ಇದ್ದ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಶುದ್ಧ ಪ್ರತಿಯಲ್ಲಿ ಐದು ಸಾಲು ಬಿಟ್ಟರೆ ಮುಗಿಯಿತು. ಎಲೆಗೆ ಸುಳ್ಳು ಅಪವಾದ ಬರುತ್ತದೆ, ಅಷ್ಟೇ. ಎಲೆ ನಮ್ಮ ಮನೆಬಾಗಿಲಿಗೆ ಅಳುತ್ತ ಬರುವುದಿಲ್ಲ. ಹೇಳಿದರೆ ಮಾತ್ರ ಬಾಗಿಲ ಪಕ್ಕದ ಟ್ರಂಕು ಹೊರಡುತ್ತದೆ, ಅದರ ಚೀಟಿಯನ್ನೂ ನಾನೇ ಬರೆಯಬೇಕಾಗುತ್ತದೆ. ಹೇಳದಿರುವುದೇ ಒಳ್ಳೆಯದೆಂದು ಬಸ್ಸಿನಲ್ಲಿ ನಿರ್ಧರಿಸಿದೆ. ಮನೆಯಲ್ಲಿ ಊಟಕ್ಕೆ ಕುಳಿತಾಗ ಅತ್ತೆ ಮೊಸರಿನ ಕೆನೆಯನ್ನು ತಮ್ಮ ಮಗನ ತಟ್ಟೆಗೆ ಹಾಕಿ, ತಳದ ಮೊಸರನ್ನು ನನಗೆ ಹಾಕಿದರು. ಇಷ್ಟು ವರ್ಷ ಕಾಣದ್ದು ಅಂದು ಕಂಡಿತು. ಕಂಡದ್ದನ್ನು ಇನ್ನೊಮ್ಮೆ ಮುಚ್ಚಲು ಮನಸ್ಸಾಗಲಿಲ್ಲ. ಶುಕ್ರವಾರ ಇಡೀ ದಿನ ನಾನು ಏನನ್ನೂ ಪ್ರತಿ ಮಾಡಲಿಲ್ಲ. ಐದು ಪುಟಗಳಿಗೆ ಗುರುತಿಗೆಂದು ಕಾಗದದ ಚೂರು ಸಿಕ್ಕಿಸಿಟ್ಟೆ.

ಶನಿವಾರ ಲಿಮಯೆ ಚಹಾ, ಖಾರಿ ಮುಂದಿಟ್ಟುಕೊಂಡು ಪೆನ್ನು ತೆಗೆದಾಗ ರಿಜಿಸ್ಟರನ್ನು ಹತ್ತನೇ ದಿನದ ಪುಟಕ್ಕೆ ಬಿಚ್ಚಿ ಇಟ್ಟೆ. "ಇವತ್ತು ಸಹಿಗೆ ಮೊದಲು ಓದಬೇಕು," ಎಂದೆ. ಇಂಥದ್ದನ್ನು ಅವರಿಗೆ ಯಾರೂ ಹೇಳಿರಲಿಲ್ಲವಾದ್ದರಿಂದ ಓದಿದರು. ಐದೂ ಪುಟ ಓದಿದರು. ವಿಷಯ ಹೇಳಿದೆ. ಅವರ ಕಿವಿ ಕೆಂಪಾಯಿತು. ಅವಳನ್ನು ಕರೆಯಿರಿ ಎಂದರು.

ನೀಲವ್ವ ಬಂದು ನಿಂತಳು. ಯಾಕೆ ಹಾಕಿದೆ ಎಂದು ಲಿಮಯೆ ಕೇಳಿದರು. ಎಂದಿನಂತೆ ಮಾತನ್ನು ಚೆಂದ ಮಾಡಿ ದಾಟಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ತನ್ನ ಹರಕು ಮರಾಠಿಯಲ್ಲಿ ಹೇಳಿಬಿಟ್ಟಳು. "ಸಾಹೇಬ, ಏಕಾ ಪಂಗತೀತ ದೋನ ಪ್ರಕಾರ ವಾಢತ ನಾಹಿ." ಒಂದು ಪಂಕ್ತಿಯಲ್ಲಿ ಎರಡು ಬಗೆ ಬಡಿಸಬಾರದು. ಪಂಗತ್ ಎಂಬ ಮಾತಿಗೆ ಅನುವಾದವೇ ಬೇಕಿರಲಿಲ್ಲ. ಲಿಮಯೆಯವರ ಮನೆತನದಲ್ಲೂ ಪಂಕ್ತಿಗಳು ನಡೆದಿದ್ದವು. ಬಹುಶಃ ಗಿಂಡಿ ಹಿಡಿದವರ ಕಡೆಯಿಂದ.

ಅವಳನ್ನು ಹೊರಗೆ ಕಳುಹಿಸಿ, "ಚೀಟಿ ಬರೆಯಿರಿ," ಎಂದರು. "ಪ್ರಯೋಗ ಕೆಡಿಸಿದವರು ಇಂದೇ ಕೆಲಸ ಬಿಡತಕ್ಕದ್ದು. ಹೆಸರು ಹಾಕಿ ಕೊಡಿ, ಸಹಿ ಮಾಡುತ್ತೇನೆ."

ಬರೆದೆ. ಮೂರು ಹೆಸರು ಹಾಕಿದೆ. ಎಡಗಡೆಗೆ ಎಲೆ ಹಾಕಿದವಳು ನೀಲವ್ವ. ಅದನ್ನು ಐದು ಸಲ ಕಂಡು ಗಾಳಿಯ ತಲೆಗೆ ಕಟ್ಟಿದವಳು ನಾನು. ಆ ಐದೂ ಪುಟಗಳಿಗೆ ಸಹಿ ಹಾಕಿದವರು ಡಾ. ಲಿಮಯೆ. ಅಕ್ಷರ ದುಂಡಗೇ ಬಂತು.

ಅವರು ಚೀಟಿಯನ್ನು ಓದುತ್ತಿದ್ದಂತೆ ಇನ್ನೊಂದು ಕೈಯಲ್ಲಿದ್ದ ಖಾರಿ ಚಹಾದಲ್ಲಿ ಮೆತ್ತಗಾಗಿ, ಮುರಿದು, ಮುಳುಗಿತು. ಚಮಚ ತೆಗೆದುಕೊಂಡು ಬಹಳ ಹೊತ್ತು ಅದನ್ನು ಹುಡುಕಿದರು. ನಾನು ಸೋಮವಾರದಿಂದ ಮನೆಯಲ್ಲಿ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ. ಔಷಧಿ ಕಂಪನಿ ಮುಚ್ಚಿತು ಎಂದರೆ ಆದೀತು.

"ಅರ್ಧ ಅರ್ಧ ಅಂದಳಾ?" ಎಂದು ಕೊನೆಗೆ ಕೇಳಿದರು.

"ಹೌದು, ಸರ್. ಡಬ್ಬಿ ಒಂದೇ."

"ಹೋದ ಬೇಸಿಗೆಯ ರಿಜಿಸ್ಟರು ತನ್ನಿ. ಅದರ ಹಿಂದಿನದೂ."

ತಂದುಕೊಟ್ಟೆ. ಅವರು ತಮ್ಮದೇ ಸಹಿಗಳ ಮೇಲಿದ್ದ ಬರಹವನ್ನು ಮೊದಲ ಸಲ ಓದುತ್ತ ಕುಳಿತರು. ಹಿಂದಿನ ಬೇಸಿಗೆಗಳ ಸಾವು, ಒದ್ದೆ ಹೊಟ್ಟು, ಮೇವು ಬಿಟ್ಟ ದಿನಗಳು. ಈ ಬೇಸಿಗೆಯಲ್ಲಿ ಅದೇ ಶೆಡ್ಡು, ಅದೇ ಬಿಸಿಲು, ಎರಡೂ ಕಡೆ ಅರ್ಧ ಡಬ್ಬಿ ಎಲೆ. ಅವರ ಮೂಗು ಅರಳುವುದು ಕಂಡಿತು. ಒಳ್ಳೆಯ ಪಶುವೈದ್ಯರು ಅವರು, ಸಿಟ್ಟಿಗಿಂತ ಕುತೂಹಲವೇ ದೊಡ್ಡದಾಯಿತು. "ಇನ್ನೊಮ್ಮೆ ಮಾಡೋಣ," ಎಂದರು. "ಮೂರು ಗುಂಪು. ಎಲೆ ಇಲ್ಲದ್ದು, ಅರ್ಧ ಡಬ್ಬಿ, ಇಡೀ ಡಬ್ಬಿ." ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಅದು ಮತ್ತೆ ಹೊರಗೆ ಬರಲಿಲ್ಲ.

ಹಣಮಂತನಿಗೆ ಹೋಗಿ ಟೆಂಪೊ ಬೇಡ ಎಂದೆ. ಅವನು ತಟ್ಟೆ ಕೆಳಗಿಟ್ಟು, "ಹಂಗಾದ್ರ ಚಾ ಕುಡೀರಿ," ಎಂದ. ನೀಲವ್ವ ಚಹಾ ಕೊಡುತ್ತಲೇ ತನ್ನ ಷರತ್ತು ಹಾಕಿದಳು. "ಮಾಡ್ತೀನ್ರಿ, ನೀವು ಹೇಳಿದಂಗ ಮಾಡ್ತೀನಿ. ಆದ್ರ ಒಂದರ ಊಟ ಇನ್ನೊಂದಕ್ಕ ಕಾಣಬಾರದು. ನಡುವ ಪಡದೆ ಕಟ್ರಿ. ಮತ್ತ ಏನೂ ಇಲ್ಲದವನ್ನ ನಾ ನೋಡಂಗಿಲ್ಲ."

"ಅವನ್ನ ನನಗ ಬಿಡು," ಎಂದ ಹಣಮಂತ. "ಗೌಡ್ರು ಆ ಮದುವಿಗೆ ನನ್ನ ಕರದೇ ಇಲ್ಲ."

ಖಾಲಿ ಗೋಣಿಚೀಲಗಳನ್ನು ಹೊಲಿದು, ಜಾಳಿಗಳಿಗೆ ನೆಲದಿಂದ ಎದೆಮಟ್ಟಕ್ಕೆ ಪರದೆ ಕಟ್ಟಿದೆವು. ಮುಂದಿನ ಬೇಸಿಗೆ ಮೂರು ಗುಂಪುಗಳ ಪ್ರಯೋಗ ನಡೆಯಿತು. ಇಡೀ ಡಬ್ಬಿ ತಿಂದವು ಕಹಿಗೆ ಮೇವನ್ನೇ ಕಡಿಮೆ ಮಾಡಿ ತೂಕದಲ್ಲಿ ಹಿಂದೆ ಬಿದ್ದವು. ಎಲೆ ಇಲ್ಲದವು ಎಂದಿನಂತೆ ಬಿಸಿಲಿಗೆ ಬಳಲಿದವು. ಅರ್ಧ ಡಬ್ಬಿಯವು ಹೆಚ್ಚು ತಡೆದುಕೊಂಡವು. ಹಿಕ್ಕೆ ಗಟ್ಟಿಯಾಗಿತ್ತು, ಹೊಟ್ಟು ಒಣಗಿತ್ತು. ಮಾಂಸವೂ ಹೆಚ್ಚು ಹೊತ್ತು ತಾಜಾ ಉಳಿಯುತ್ತದೆ ಎಂದು ತಿಂದವರು ಹೇಳಿದರು, ನಾನು ಅದನ್ನು "ಕೇಳಿದ್ದು" ಎಂದೇ ಬರೆದೆ. ಗುಡ್ಡ ಅಲುಗಾಡುವಂಥ ಫರಕೇನಲ್ಲ, ಆದರೆ ಫರಕು. ಎಲೆ ಲಸಿಕೆಯ ಬದಲು ಅಲ್ಲ, ಶುದ್ಧ ನೀರಿನ ಬದಲೂ ಅಲ್ಲ. ನಮ್ಮ ಪುಡಿ ಕೊಂಡ ಒಬ್ಬ ರೈತ ಇನ್ನು ಲಸಿಕೆ ಯಾಕೆ ಎಂದು ಬಿಟ್ಟು, ಅರ್ಧ ಕೋಳಿ ಕಳೆದುಕೊಂಡು ಬಂದು ನಮ್ಮ ಮೇಲೇ ಕೂಗಾಡಿದ. ಚೀಲದ ಮೇಲಿನ ಚಿತ್ರದಲ್ಲಿ ಕೋಳಿ ಪೈಲ್ವಾನನಂತೆ ಎದೆಯುಬ್ಬಿಸಿ ನಿಂತಿತ್ತು, ಅವನ ತಪ್ಪೂ ಅಲ್ಲ.

ವರದಿಯಲ್ಲಿ, "ಪ್ರಾಥಮಿಕ ಪರೀಕ್ಷೆಯ ಆಧಾರದ ಮೇಲೆ ಅರ್ಧ ಪ್ರಮಾಣವನ್ನೂ ಸೇರಿಸಿಕೊಳ್ಳಲಾಯಿತು," ಎಂದು ಲಿಮಯೆ ಬರೆದರು. ಯಾರು ಪರೀಕ್ಷಿಸಿದರು ಎಂದು ಆ ವಾಕ್ಯ ಹೇಳುವುದಿಲ್ಲ. ಗುಂಪುಗಳ ನಡುವೆ ಪರದೆ ಇರತಕ್ಕದ್ದು ಎಂಬುದೂ ಕಂಪನಿಯ ನಿಯಮವಾಯಿತು. ಒಂದೆರಡು ವರ್ಷದ ಮೇಲೆ ಹೊಸದಾಗಿ ಸೇರಿದ ಅಧಿಕಾರಿಯೊಬ್ಬರು, ಕೋಳಿಗಳು ಒಂದನ್ನೊಂದು ನೋಡಿ ಉದ್ವೇಗಗೊಳ್ಳಬಾರದೆಂದು ಈ ವ್ಯವಸ್ಥೆ, ಎಂದು ನನಗೇ ವಿವರಿಸಿದರು. ಹೌದ್ರಿ ಎಂದೆ.

ಲಿಮಯೆ ಅಂದಿನಿಂದ ರಿಜಿಸ್ಟರು ಓದತೊಡಗಿದರು. ಇದು ನನಗೆ ಆದ ನಷ್ಟ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, "ಕಂಡದ್ದೋ, ಊಹೆಯೋ?" ಎಂದು ಬರೆಯುತ್ತಿದ್ದರು. ಪುಡಿಯ ಕಾಲ ಮುಗಿದು ಎಲೆಯ ಸಾರ ಡ್ರಮ್ಮಿನಲ್ಲಿ ಬರತೊಡಗಿದಾಗ, ಡಬ್ಬಿಯ ಬದಲು ಚಮಚ ಬಂತು, ಮೇವಿನ ಬದಲು ನೀರಿಗೆ ಬೆರೆಸುವುದಾಯಿತು. ಲಿಮಯೆಯವರಿಗೆ ಅಷ್ಟರಲ್ಲಿ ಸಕ್ಕರೆ ಕಾಯಿಲೆ ಹತ್ತಿತ್ತು. ಅದಕ್ಕೂ ಎಲೆ ಒಳ್ಳೆಯದೆಂಬ ನಂಬಿಕೆಯಲ್ಲಿ ಡ್ರಮ್ಮಿನಿಂದ ದಿನಾ ನಾಲ್ಕು ಹನಿ ಅವರ ಚಹಾಕ್ಕೂ ಹೋಗುತ್ತಿತ್ತು. ಆ ಹನಿಗಳನ್ನೂ ನಾನು ರಿಜಿಸ್ಟರಿನಲ್ಲಿ ಬರೆದೆ. ಅವರ ಡಾಕ್ಟರು ಬೈದ ಮೇಲೆ ಅದು ನಿಂತಿತು.

ಮೊಣಕಾಲು ಕೈಕೊಟ್ಟು ನಾನು ಅವಧಿಗೆ ಮೊದಲೇ ನಿವೃತ್ತಿ ಕೇಳಿಕೊಂಡೆ. ಕೊನೆಯ ದಿನ ನೀಲವ್ವ ತಮ್ಮ ಕೋಣೆಯ ಮುಂದೆ ಚಾಪೆ ಹಾಸಿ, ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಹೋಳಿಗೆ ಊಟ ಹಾಕಿದಳು. ಲಿಮಯೆ ಮೊದಲನೆಯವರು, ಆಮೇಲೆ ನಾನು, ಡ್ರೈವರು, ಮಿಕ್ಕವರು, ತುದಿಯಲ್ಲಿ ಹಣಮಂತ. ಬಾಗಿಲ ಪಕ್ಕದಲ್ಲಿ ಟ್ರಂಕು ಇರಲಿಲ್ಲ. ಯಾವಾಗ ಮಂಚದ ಕೆಳಗೆ ಹೋಯಿತೋ, ನಾನು ಬರೆದುಕೊಂಡಿಲ್ಲ.

ನೀಲವ್ವ ಹೋಳಿಗೆಯ ಬುಟ್ಟಿ ತಂದಾಗ ಲಿಮಯೆ ಎಲೆಯ ಮೇಲೆ ಕೈ ಅಡ್ಡ ಹಿಡಿದು, "ಮಲಾ ಅರ್ಧೀಚ," ಎಂದರು. ನನಗೆ ಅರ್ಧ ಸಾಕು.

ಅವಳು ಒಮ್ಮೆ ಸಾಲಿನುದ್ದಕ್ಕೂ ನೋಡಿದಳು. ಬುಟ್ಟಿಯೊಂದಿಗೆ ಒಳಗೆ ಹೋದಳು. ತಿರುಗಿ ಬಂದಾಗ ಹೋಳಿಗೆಗಳೆಲ್ಲ ನಡುವೆ ಕತ್ತರಿಸಿದ್ದವು.

"ಏ, ಸಕ್ಕರಿ ರೋಗ ಇರೂದು ಸಾಹೇಬ್ರಿಗೆ, ನನಗಲ್ಲ," ಎಂದು ಹಣಮಂತ ತುದಿಯಿಂದ ಗೊಣಗಿದ.

"ಪಂಗ್ತಿಯೊಳಗ ಕುಂತೀರಿ," ಎಂದಳು ನೀಲವ್ವ. "ಸುಮ್ಮ ಉಣ್ರಿ."

ಎಲ್ಲರಿಗೂ ಅರ್ಧರ್ಧ ಹಾಕಿ, ತುಪ್ಪದ ಗಿಂಡಿ ತಂದಳು. ಲಿಮಯೆಯವರ ಎಲೆಗೆ ಗಿಂಡಿ ಬಾಗಿಸಿದವಳು ಹಣಮಂತನ ಎಲೆ ಮುಗಿಯುವತನಕ ಅದನ್ನು ನೆಟ್ಟಗೆ ಮಾಡಲಿಲ್ಲ. ಎಲೆ ಎಲೆಯ ನಡುವೆ ಚಾಪೆಯ ಮೇಲೂ ತುಪ್ಪದ ಗೆರೆ ಬಿದ್ದಿತ್ತು.